ಅಕ್ಕನ ಕೇಸು, ಒಂದು ಪುಟದಲ್ಲಿ

ಅಪೀಲು ಕೋರ್ಟಿನ ನ್ಯಾಯಮೂರ್ತಿಗಳಿಗೆ ಒಂದು ಚಾಳಿಯಿದೆ. ಎರಡು ಮಾತಿನಲ್ಲಿ ಮುಗಿಯುವುದನ್ನು ಎಪ್ಪತ್ತು ಪುಟ ಎಳೆಯುತ್ತಾರೆ. ಎಳೆಯಲಿ ಬಿಡಿ, ದೊಡ್ಡವರು. ಆದರೆ ಆ ಎಪ್ಪತ್ತು ಪುಟವನ್ನೂ ಓದಿ, ಹಿಂಡಿ, ಒಂದೇ ಪುಟಕ್ಕೆ ಇಳಿಸಿ ಕೊಡುವವರು ಯಾರಾದರೂ ಬೇಕಲ್ಲ? ವಕೀಲರಿಗೆ ಅಷ್ಟೆಲ್ಲ ಓದುವ ಪುರುಸೊತ್ತೆಲ್ಲಿ? ಕೋರ್ಟಿನ ಎದುರು ಬೀದಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ತಿಂಗಳಿಗೊಮ್ಮೆ ಬರುವ ತೀರ್ಪುಗಳ ಪತ್ರಿಕೆಯೊಂದರ ಕಚೇರಿಯಿದೆ. ಅಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಆ ಕೆಲಸ ಮಾಡುವವಳೇ ನಮ್ಮ ಕಥೆಯವಳು. ವಕೀಲರೆಲ್ಲ ಅವಳನ್ನು ‘ಒಂದು ಪುಟದ ಮೇಡಂ’ ಅನ್ನುತ್ತಾರೆ. ಮನೆಯಲ್ಲಿ ಅವಳಿಗೊಬ್ಬ ಅಕ್ಕ ಇದ್ದಾಳೆ, ಹಾಗಾಗಿ ಇವಳು ತಂಗಿ. ತಲೆಗೂದಲು ಅರ್ಧ ನರೆತರೂ ತಂಗಿ ತಂಗಿಯೇ. ನಾವೂ ಹಾಗೇ ಕರೆಯೋಣ.

ಕೆಲಸ ಹೊರಗಿನಿಂದ ನೋಡುವವರಿಗೆ ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ತಂಗಿ ಮೊದಲು ಓದುವುದು ತೀರ್ಪಿನ ಕೊನೆಯ ಪುಟವನ್ನು. ಯಾರು ಗೆದ್ದರು, ಯಾರು ಸೋತರು ಅನ್ನುವುದು ಅಲ್ಲಿರುತ್ತದೆ. ಅದು ಗೊತ್ತಿಲ್ಲದೆ ಮೊದಲ ಪುಟದಿಂದ ಹೊರಟವನ ಕಥೆ ಮುಗಿಯಿತು. ಯಾಕೆಂದರೆ ನ್ಯಾಯಮೂರ್ತಿಗಳು ಸೋಲುವವನ ವಾದವನ್ನು ಎಷ್ಟು ಅಕ್ಕರೆಯಿಂದ ಬರೆಯುತ್ತಾರೆಂದರೆ, ಓದುವವನು ಇವನೇ ಗೆದ್ದ ಅಂದುಕೊಳ್ಳಬೇಕು. ಪುಟಗಟ್ಟಲೆ ಹಾಗೆ ಸಾಗಿ ಆಮೇಲೆ ಒಂದು ‘ಆದರೆ’ ಬರುತ್ತದೆ. ಆ ‘ಆದರೆ’ ಸಿಕ್ಕ ಕಡೆ ತಂಗಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆಯುತ್ತಾಳೆ. ಗೆರೆಯ ಮೇಲಿನದು ವಕೀಲರ ಮಾತು, ಕೆಳಗಿನದು ಕೋರ್ಟಿನ ಮಾತು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೇಲಿನದನ್ನೇ ಕೋರ್ಟು ಹೇಳಿತು ಅಂತ ನೀಟಾಗಿ ಬರೆದು ತಂದು ಬೈಸಿಕೊಳ್ಳುತ್ತಾರೆ.

ಪುಟದಲ್ಲಿ ನಾಲ್ಕು ಭಾಗ. ನಡೆದದ್ದೇನು, ಕೋರ್ಟಿನ ಮುಂದಿದ್ದ ಪ್ರಶ್ನೆ ಯಾವುದು, ಕೋರ್ಟು ಏನು ಹೇಳಿತು, ಯಾಕೆ ಹಾಗೆ ಹೇಳಿತು. ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಒಪ್ಪದೆ ಬೇರೆ ಬರೆದಿದ್ದರೆ ಕೆಳಗೆ ಅದಕ್ಕೊಂದಿಷ್ಟು ಜಾಗ. ನಾಲ್ಕನೆಯ ಭಾಗವೇ ಜೀವ. ಮುಂದೆ ಇಂಥದೇ ಕೇಸು ಬಂದಾಗ ವಕೀಲರು ಹಿಡಿದುಕೊಳ್ಳುವುದು ಆ ‘ಯಾಕೆ’ಯನ್ನೇ. ಅದನ್ನು ಬರೆಯಲು ಸೋಮಾರಿತನ ಬಂದವರು ‘ಎಲ್ಲ ಸಂಗತಿಗಳನ್ನೂ ಪರಿಗಣಿಸಿ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆ ಮೂರು ಪದ ಕಂಡರೆ ತಂಗಿಗೆ ಪಿತ್ತ ನೆತ್ತಿಗೇರುತ್ತದೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಬರೆದವರನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡು, ಯಾವ್ಯಾವ ಸಂಗತಿ ಅಂತ ಬಾಯಿಬಿಡಿಸುತ್ತಾಳೆ. ಸಂಪಾದಕರು ಕೂಡ ಆಗ ತಮ್ಮ ಕೋಣೆಯ ಬಾಗಿಲು ಎಳೆದುಕೊಳ್ಳುವುದುಂಟು.

ಅವಳ ಸ್ವಂತ ಬದುಕಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮದುವೆಯಾಗಿತ್ತು, ಸರಿಹೋಗಲಿಲ್ಲ, ಪೆಟ್ಟಿಗೆ ಹಿಡಿದು ಅಕ್ಕನ ಮನೆಗೆ ಬಂದಳು. ಯಾಕೆ ಅಂತ ಅಕ್ಕ ಆ ದಿನ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಪ್ರಪಂಚದಲ್ಲಿ ಅಕ್ಕ ‘ಯಾಕೆ’ ಅಂತ ಕೇಳದೆ ಬಿಟ್ಟದ್ದು ಅದೊಂದನ್ನೇ ಇರಬೇಕು. ಮಿಕ್ಕ ಎಲ್ಲದಕ್ಕೂ ಕೇಳುತ್ತಾಳೆ.

ಈ ಅಕ್ಕನದು ಹೊಲಿಗೆ ಕೆಲಸ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಕೆಟ್ಟ ಜಿಪ್ಪು ಬದಲಿಸುವುದು, ಇಂಥ ರಿಪೇರಿ. ಬೀದಿಯಲ್ಲಿ ಯಾರು ದಪ್ಪಗಾಗುತ್ತಿದ್ದಾರೆ ಅನ್ನುವುದು ಅವರ ಹೆಂಡಿರಿಗಿಂತ ಮೊದಲು ಅವಳಿಗೆ ಗೊತ್ತು. ಮನೆಯ ಮುಂದಿನ ಕೋಣೆಯಲ್ಲಿ, ಬೀದಿಯ ಬೆಳಕು ಬೀಳುವ ಕಡೆ, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ನು. ಸಂಜೆ ತಂಗಿ ಬಂದು ಕೈಕಾಲು ತೊಳೆದು, ಟೀ ಲೋಟ ಹಿಡಿದು ಮೆಷಿನ್ನಿನ ಎದುರು ಕೂರುತ್ತಾಳೆ. ಅಂದು ಬರೆದ ಪುಟವನ್ನು ಗಟ್ಟಿಯಾಗಿ ಓದುತ್ತಾಳೆ. ಅಕ್ಕ ತುಳಿಯುತ್ತಾ ಕೇಳುತ್ತಾಳೆ. ಮೆಷಿನ್ನು ಓಡುತ್ತಿದ್ದರೆ ಪುಟ ಸರಿಯಾಗಿದೆ. ಟಕ್ಕಂತ ನಿಂತರೆ ಎಲ್ಲೋ ತೂತು ಬಿದ್ದಿದೆ ಅಂತ ಅರ್ಥ. ನಿಂತಾಗ ಅಕ್ಕ ಕೇಳುವುದು ಒಂದೇ ಮಾತು, ‘ಯಾಕಂತೆ?’

ಅಕ್ಕನಿಗೆ ಕಾನೂನು ಗೊತ್ತು ಅಂತ ಭಾವಿಸಬೇಡಿ. ಏನೇನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ತಂಗಿಗೆ ಅವಳು ಬೇಕು. ಅದೂ ಅಲ್ಲದೆ ಅಕ್ಕ ಹುಟ್ಟಾ ಪಕ್ಷಪಾತಿ. ಯಾರು ಸೋತರೋ ಅವರ ಕಡೆ. ಒಮ್ಮೆ ಬ್ರೆಡ್ಡು ಸುಡುವವನಿಗೂ ಗಡಿಯಾರ ರಿಪೇರಿಯವನಿಗೂ ಜಗಳದ ಕೇಸು ಬಂದಿತ್ತು. ಇಬ್ಬರ ಅಂಗಡಿಗೂ ಒಂದೇ ಗೋಡೆ. ಒಲೆಯ ಶಾಖಕ್ಕೆ ಗೋಡೆಗೆ ತೂಗುಹಾಕಿದ ಗಡಿಯಾರಗಳೆಲ್ಲ ಹುಚ್ಚುಹುಚ್ಚಾಗಿ ಓಡುತ್ತವೆ ಅಂತ ಗಡಿಯಾರದವನ ದೂರು. ಅಪೀಲಿನಲ್ಲಿ ಬ್ರೆಡ್ಡಿನವನು ಗೆದ್ದ ಅಂತ ತಂಗಿ ಓದಿದ್ದೇ ತಡ, ಮೆಷಿನ್ನು ನಿಂತಿತು. ಯಾಕಂತೆ? ತಂಗಿ ಮತ್ತೆ ತೀರ್ಪು ತೆಗೆದು ನೋಡಿದಳು. ಒಲೆ ಹಚ್ಚಿ ಬಹಳ ವರ್ಷ ಆದ ಮೇಲೆ, ಗೋಡೆ ಬಿಸಿಯಿರುವುದನ್ನು ಕೈಯಿಟ್ಟು ನೋಡಿಯೇ, ಕಡಿಮೆ ಬಾಡಿಗೆಗೆ ಸಿಗುತ್ತದೆ ಅಂತ ಗಡಿಯಾರದವನು ಆ ಅಂಗಡಿ ಹಿಡಿದಿದ್ದ. ಅದು ಕಾರಣ. ಬರೆಯುವ ಭರದಲ್ಲಿ ಬಿಟ್ಟುಹೋಗಿತ್ತು. ಸೇರಿಸಿ ಓದಿದ ಮೇಲೆ ಮೆಷಿನ್ನು ಓಡಿತು. ಆದರೂ ಅಕ್ಕನ ಸಿಟ್ಟು ಇಳಿಯಲಿಲ್ಲ. ಆ ವಾರವಿಡೀ, ಕೇಸಿಗೆ ಸಂಬಂಧವೇ ಇಲ್ಲದ ನಮ್ಮ ಬೀದಿ ಬೇಕರಿಯವನನ್ನು ನೋಡಿ ಮುಖ ತಿರುಗಿಸಿಕೊಂಡು ಓಡಾಡಿದಳು, ಪಾಪ ಆತ ಏನು ತಪ್ಪಾಯಿತೋ ಎಂದು ತಲೆ ಕೆಡಿಸಿಕೊಂಡ.

ಹೀಗೆ ವರ್ಷಗಟ್ಟಲೆ ಊರವರ ಕೇಸುಗಳನ್ನು ಕೇಳಿಸಿಕೊಂಡ ಅಕ್ಕನ ಕೇಸೇ ಕೊನೆಗೆ ಅಪೀಲು ಕೋರ್ಟಿಗೆ ಹೋಗಿ ಕೂತಿತು.

ಅಕ್ಕನ ಗಂಡ ಮೊದಲೇ ತೀರಿಕೊಂಡಿದ್ದ. ಇದ್ದೊಬ್ಬ ಮಗಳೂ ಕಾಯಿಲೆ ಬಂದು ಹೋದಳು. ಅವಳ ಮಗು ಆಗ ನಡೆಯಲು ಕಲಿಯುತ್ತಿತ್ತು. ಅಳಿಯ ಲಾರಿ ಡ್ರೈವರು. ಹೊರಟನೆಂದರೆ ವಾರಗಟ್ಟಲೆ ರಸ್ತೆಯ ಮೇಲೆ. ಅಂಥವನು ಹಾಲುಗಲ್ಲದ ಮಗುವನ್ನು ಲಾರಿಯಲ್ಲಿ ಕೂರಿಸಿಕೊಂಡು ಓಡಾಡಲಿಕ್ಕಾಗುತ್ತದೆಯೇ? ತಾನೇ ತಂದು ಅತ್ತೆಯ ಮಡಿಲಲ್ಲಿ ಹಾಕಿದ. ಅಂದಿನಿಂದ ಮಗು ಈ ಮನೆಯದು. ಮೆಷಿನ್ನಿನ ಕೆಳಗೆ ಅಂಬೆಗಾಲಿಡುತ್ತಾ ಒಂದು ದಿನ ಅಂಗಿಯ ಗುಂಡಿ ನುಂಗಿತು. ಆಸ್ಪತ್ರೆಗೆ ಓಡಿದರು, ಡಾಕ್ಟರು ನಗುತ್ತಾ ಕಾಯಿರಿ ಅಂದರು, ಕಾದರು, ಗುಂಡಿ ಬಂತು. ಅಂದಿನಿಂದ ಅವಳ ಹೆಸರು ‘ಬಟನ್’. ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಅದನ್ನು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಅಕ್ಕ ಅವಳಿಗೆ ಅಜ್ಜಿ, ತಂಗಿ ಚಿಕ್ಕಜ್ಜಿ.

ಬಟನ್ ಹೈಸ್ಕೂಲಿಗೆ ಕಾಲಿಟ್ಟ ವರ್ಷ ಅಳಿಯನಿಗೆ ದೂರದ ಊರಿನ ಡಿಪೋದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಎರಡು ಕೋಣೆಯ ಮನೆ ಹಿಡಿದ. ಮಗಳನ್ನು ಕರೆದುಕೊಂಡು ಹೋಗುತ್ತೇನೆ ಅಂದ. ಅಕ್ಕ ಕೊಡುವುದಿಲ್ಲ ಅಂದಳು. ಅಳಿಯ ಕೆಟ್ಟವನೇನಲ್ಲ. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ, ಮಗಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರ ಸುತ್ತ ಒಂದು ರೌಂಡು ಹೊಡೆಸುತ್ತಿದ್ದ, ಕುಡಿತವಿಲ್ಲ, ಬೇರೆ ಮದುವೆಯಿಲ್ಲ. ಆದರೆ ಅಕ್ಕನ ಎದೆಯಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು. ಮಗಳನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಇವಳನ್ನು ಬಿಡುವುದಿಲ್ಲ. ಮಾತು ಬೆಳೆದು ಇಬ್ಬರೂ ಕೋರ್ಟಿಗೆ ಹೋದರು.

ಕೆಳಗಿನ ಕೋರ್ಟಿನಲ್ಲಿ ಅಕ್ಕ ಗೆದ್ದಳು. ಅಲ್ಲಿನ ನ್ಯಾಯಾಧೀಶರು ಬಟನ್‌ಳನ್ನು ಕೋಣೆಗೆ ಕರೆದು ಯಾರ ಹತ್ತಿರ ಇರುತ್ತೀಯಮ್ಮ ಅಂತ ಕೇಳಿದಾಗ ಅವಳು ಅಜ್ಜಿ ಹತ್ತಿರ ಅಂದಿದ್ದಳು. ಅಕ್ಕ ಅದನ್ನು ಬೀದಿಯ ಪ್ರತಿ ಸೊಂಟದ ಅಳತೆ ತೆಗೆಯುವಾಗಲೂ ಹೇಳಿಕೊಂಡಳು. ಅಳಿಯ ಅಪೀಲು ಹೋದ. ಅಪೀಲು ಕೋರ್ಟಿನ ಮೂವರು ನ್ಯಾಯಮೂರ್ತಿಗಳೂ ಮಗುವನ್ನು ನೋಡಬೇಕು ಅಂದರು. ಅವತ್ತು ಅಕ್ಕನ ಮಂಡಿ ಹಿಡಿದುಕೊಂಡಿತ್ತು. ಮಹಡಿ ಹತ್ತಲಾರದೆ ಕೆಳಗೆ ಅಂಗಳದಲ್ಲೇ ಕೂತಳು. ತಂಗಿ ಬಟನ್‌ಳ ಕೈಹಿಡಿದು ಮೇಲೆ ಕರೆದೊಯ್ದಳು. ಮಗು ಒಳಗೆ ಬಹಳ ಹೊತ್ತು ಇತ್ತು. ಹೊರಗೆ ಬಂದು ನೀರು ಕೇಳಿತು. ಏನು ಕೇಳಿದರು ಅಂದರೆ, ಅದೇ ಹಳೇದು, ಅಂದಿತು.

ತೀರ್ಪು ಬಂತು. ಇಬ್ಬರು ಅಳಿಯನ ಕಡೆ, ಒಬ್ಬರು ಅಕ್ಕನ ಕಡೆ. ಶಾಲೆಗೆ ರಜ ಬಂದ ಕೂಡಲೇ ಮಗುವನ್ನು ತಂದೆಗೆ ಒಪ್ಪಿಸಬೇಕು, ರಜೆಗಳಲ್ಲಿ ಅಜ್ಜಿಯ ಮನೆಗೆ ಕಳಿಸಬೇಕು. ಅಕ್ಕನ ವಕೀಲರು ಫೋನು ಮಾಡಿ, ಧೈರ್ಯಗೆಡಬೇಡಿ, ಒಬ್ಬ ನ್ಯಾಯಮೂರ್ತಿ ನಮ್ಮ ಕಡೆ ಬರೆದಿದ್ದಾರೆ, ಅದನ್ನೇ ಹಿಡಿದು ಇನ್ನೂ ಮೇಲಿನ ಕೋರ್ಟಿಗೆ ಹೋಗೋಣ, ನಾಳೆ ಸಂಜೆಯೊಳಗೆ ಹೂಂ ಅನ್ನಿ ಸಾಕು ಅಂದರು. ಅಕ್ಕ ಅಲ್ಲೇ ಹೂಂ ಅನ್ನುವವಳಿದ್ದಳು. ಆಮೇಲೆ ತಂಗಿಯ ಕಡೆ ತಿರುಗಿ, ಹೂಂ ಅನ್ನುವ ಮುಂಚೆ ಎಲ್ಲರಿಗೂ ಮಾಡಿಕೊಡುವ ಹಾಗೆ ತನಗೂ ಒಂದು ಪುಟ ಮಾಡಿಕೊಡು ಅಂದಳು. ಅದೂ ತಮಾಷೆಯ ದನಿಯಲ್ಲೇ ಅಂದಳು.

ಮರುದಿನ ಬೆಳಿಗ್ಗೆ ತಂಗಿ ಚಪ್ಪಲಿ ಮೆಟ್ಟುವಾಗ ಬಟನ್ ಬಾಗಿಲ ಹತ್ತಿರ ಸುಳಿದಾಡಿದಳು. ಆ ತೀರ್ಪನ್ನು ಅಜ್ಜಿ ಪೂರ್ತಿ ಓದುತ್ತಾಳಾ ಅಂತ ಕೇಳಿದಳು. ಇಲ್ಲ, ನಾನು ಒಂದು ಪುಟ ಮಾಡಿ ಓದಿ ಹೇಳುತ್ತೇನೆ ಅಂತ ತಂಗಿ ಹೇಳಿದಳು. ‘ಒಂದು ಪುಟದಲ್ಲಿ ಎಲ್ಲಾ ಹಿಡಿಸುತ್ತಾ, ಚಿಕ್ಕಜ್ಜಿ?’ ಮುಖ್ಯವಾದದ್ದು ಹಿಡಿಸುತ್ತೆ ಅಂದಳು ತಂಗಿ. ಮಗುವಿನ ಮುಖ ಇಷ್ಟಾಯಿತು. ಹೋಗುವ ಆತಂಕವಿರಬೇಕು ಅಂದುಕೊಂಡು ತಂಗಿ ತಲೆ ಸವರಿ ಬಸ್ಸಿಗೆ ಓಡಿದಳು.

ಕಚೇರಿಯಲ್ಲಿ ಸಂಪಾದಕರು ತೀರ್ಪಿನ ಪ್ರತಿಯನ್ನು ಅವಳ ಕೈಗೆ ಕೊಟ್ಟು, ಪತ್ರಿಕೆಗೆ ಇದನ್ನು ನಾನೇ ಬರೆಯುತ್ತೇನೆ, ಮನೆಯವರ ಕೇಸು ನೀವು ಬರೆಯಬಾರದು ಅಂದರು. ನ್ಯಾಯವಾದ ಮಾತೇ. ತಂಗಿ ಇದು ನನ್ನ ಅಕ್ಕನಿಗೆ ಅಂದಳು. ಅವರು ತಮ್ಮ ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದರು.

ಕೊನೆಯ ಪುಟ ಗೊತ್ತೇ ಇತ್ತು. ಆದರೂ ರೂಢಿ ಬಿಡದೆ ಅದನ್ನೇ ಮೊದಲು ಓದಿದಳು. ಮಕ್ಕಳ ಕೇಸಿನಲ್ಲಿ ಯಾರ ಹೆಸರನ್ನೂ ಹಾಕುವಂತಿಲ್ಲ. ಉದ್ದಕ್ಕೂ ಅಜ್ಜಿ, ತಂದೆ, ಮಗು ಅಂತಲೇ ಇತ್ತು. ಅದರಿಂದ ಮೊದಮೊದಲು ಸುಲಭವಾಯಿತು, ಯಾರದೋ ಮನೆಯ ಅಜ್ಜಿ ಅನ್ನಿಸಿತು. ಅಜ್ಜಿಯ ಪರವಾದ ವಾದ ಪುಟಗಟ್ಟಲೆ ಇತ್ತು. ಊಟ, ಶಾಲೆ, ಜ್ವರ ಬಂದಾಗ ಕೂತು ಕಳೆದ ರಾತ್ರಿಗಳು. ನ್ಯಾಯಮೂರ್ತಿಗಳು ಒಂದನ್ನೂ ಬಿಡದೆ ಬರೆದಿದ್ದರು. ಆಮೇಲೆ ‘ಆದರೆ’ ಬಂತು. ತಂಗಿ ಗೆರೆ ಎಳೆದಳು. ಗೆರೆಯ ಕೆಳಗೆ ಹೀಗಿತ್ತು:

‘ಮಗುವನ್ನು ನಾವು ಏಕಾಂತದಲ್ಲಿ ಮಾತನಾಡಿಸಿದೆವು. ಅಜ್ಜಿಯ ಬಗ್ಗೆ ಅವಳಿಗೆ ಯಾವ ದೂರೂ ಇಲ್ಲ. ತಂದೆಯ ಜೊತೆ ಇರಬೇಕೆಂಬುದು ಅವಳ ಬಯಕೆ. ಅಜ್ಜಿಗೆ ಚಿಕ್ಕಜ್ಜಿ ಇದ್ದಾಳೆ, ತಂದೆ ಒಬ್ಬರೇ ಊಟ ಮಾಡುತ್ತಾರೆ ಎಂದಳು. ಇದನ್ನು ಕೆಳಗಿನ ನ್ಯಾಯಾಲಯದಲ್ಲಿ ಯಾಕೆ ಹೇಳಲಿಲ್ಲವೆಂದು ಕೇಳಿದೆವು. ಅಂದು ಅಜ್ಜಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಇಂದು ಕೆಳಗೆ ಅಂಗಳದಲ್ಲಿದ್ದಾರೆ ಎಂದಳು. ತಾನು ಹೀಗೆ ಹೇಳಿದ್ದು ಅಜ್ಜಿಗೆ ತಿಳಿಯಬಾರದೆಂದು ಕೇಳಿಕೊಂಡಳು. ತೀರ್ಪಿಗೆ ಕಾರಣ ಬರೆಯದೆ ಬಿಡುವ ಸ್ವಾತಂತ್ರ್ಯ ನಮಗಿಲ್ಲವೆಂದು ಅವಳಿಗೆ ತಿಳಿಸಿ ಹೇಳಿದ್ದೇವೆ. ಇಷ್ಟು ಸ್ಪಷ್ಟವಾದ, ಯಾರ ಒತ್ತಾಯವೂ ಇಲ್ಲದ ಬಯಕೆಯನ್ನು ನಾವು ಬದಿಗಿಡಲಾರೆವು.’

ತಂಗಿಗೆ ಈಗ ಹೊಳೆಯಿತು. ಬೆಳಿಗ್ಗೆ ಬಾಗಿಲಲ್ಲಿ ಸುಳಿದಾಡಿದ್ದು ಇದಕ್ಕೇ. ಕಾರಣ ಬರೆಯುತ್ತಾರೆ ಅಂತ ಆ ಮಗುವಿಗೆ ಗೊತ್ತು. ತೀರ್ಪು ಬಂದಂದಿನಿಂದ, ಅಜ್ಜಿಗೆ ಯಾವಾಗ ತಿಳಿಯುತ್ತದೋ ಎಂದು ಬೆಂಕಿ ಮೇಲೆ ನಿಂತಂತೆ ನಿಂತಿದೆ. ಇತ್ತ ಅಕ್ಕ, ನನ್ನ ಬಟನ್ ನನ್ನ ಬಿಟ್ಟಿರಲ್ಲ, ಇವರು ಕಿತ್ತುಕೊಂಡು ಹೋಗ್ತಿದ್ದಾರೆ ಅಂತ ಎದೆ ಬಡಿದುಕೊಂಡು ಮೇಲಿನ ಕೋರ್ಟಿಗೆ ಹೊರಟಿದ್ದಾಳೆ. ತಂಗಿಗೆ ಅಳು ಬಂತು. ಕಚೇರಿಯಲ್ಲಿ ಎಲ್ಲರೆದುರು ಅಳುವ ಅಭ್ಯಾಸವಿಲ್ಲದ್ದರಿಂದ ಕೆಳಗಿಳಿದು ಹೋಗಿ, ಜೆರಾಕ್ಸ್ ಅಂಗಡಿಯ ಹಿಂದಿನ ಪೈಪಿನಲ್ಲಿ ಮುಖ ತೊಳೆದು ಬಂದಳು.

ಬರೆಯಲು ಕೂತಳು. ನಡೆದದ್ದು ಬರೆದಳು, ಪ್ರಶ್ನೆ ಬರೆದಳು, ತೀರ್ಮಾನ ಬರೆದಳು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ಏಳಲಿಲ್ಲ. ಬರೆದರೆ ಅಕ್ಕ ಕುಸಿಯುತ್ತಾಳೆ, ಮಗು ಕೇಳಿಕೊಂಡದ್ದೂ ಮಣ್ಣುಪಾಲು. ಬರೆಯದಿದ್ದರೆ ಅಕ್ಕ ಸಂಜೆ ವಕೀಲರಿಗೆ ಹೂಂ ಅನ್ನುತ್ತಾಳೆ, ಮಗುವನ್ನು ಇನ್ನೊಂದು ಕೋರ್ಟಿನಲ್ಲಿ ಇನ್ನೊಂದು ಕುರ್ಚಿಯ ಮೇಲೆ ಕೂರಿಸುತ್ತಾರೆ. ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಯೋಚಿಸಿದಳು. ಕೊನೆಗೆ ಅವಳ ಕೈಯೇ ಆ ಮೂರು ಪದ ಬರೆಯಿತು. ಕಾರಣ: ಎಲ್ಲ ಸಂಗತಿಗಳನ್ನೂ ಪರಿಗಣಿಸಿ. ಒಪ್ಪದ ನ್ಯಾಯಮೂರ್ತಿಯ ಮಾತಿಗೆ ಎಂದೂ ಕೊಡದಷ್ಟು ಜಾಗ ಕೊಟ್ಟಳು. ಬೆಳೆಸಿದ ಕೈಯಿಂದ ಮಗುವನ್ನು ಬಿಡಿಸಬಾರದು ಅಂತ ಅವರು ಚೆನ್ನಾಗಿಯೇ ಬರೆದಿದ್ದರು. ಅಕ್ಕನಿಗೆ ಒಂದಿಷ್ಟು ಸಮಾಧಾನವಾದರೂ ಆಗಲಿ, ಅಪೀಲು ಬೇಡ ಅಂತ ಆಮೇಲೆ ಬೇರೆ ದಾರಿಯಲ್ಲಿ ಒಪ್ಪಿಸಿದರಾಯಿತು ಅಂದುಕೊಂಡಳು.

ಸಂಜೆ ಮನೆಗೆ ಬಂದಾಗ ಬಟನ್ ಶಾಲೆಯಿಂದ ಬಂದು ಗೆಳತಿಯ ಮನೆಗೆ ಹೋಗಿದ್ದಳು. ಅಕ್ಕ ಯಾರದೋ ಹೊಸ ಪ್ಯಾಂಟಿನ ಕಾಲು ಗಿಡ್ಡ ಮಾಡಲು ಎತ್ತಿಕೊಂಡಿದ್ದಳು. ಫೋನು ಮೆಷಿನ್ನಿನ ಪಕ್ಕದಲ್ಲೇ ಇತ್ತು. ತಂಗಿ ಟೀ ಮಾಡಿಕೊಂಡು ಬಂದು ಎದುರು ಕೂತು ಓದಲು ಶುರುಮಾಡಿದಳು. ದನಿ ಎಂದಿನಂತೆಯೇ ಇರಲಿ ಅಂತ ಬಹಳ ಪ್ರಯತ್ನಪಟ್ಟಳು. ನಡೆದದ್ದು ಓದುವಾಗ ಮೆಷಿನ್ನು ಓಡಿತು. ಪ್ರಶ್ನೆ ಓದುವಾಗ ಓಡಿತು. ತಂದೆಗೆ ಒಪ್ಪಿಸಬೇಕು ಅನ್ನುವಾಗ ಸ್ವಲ್ಪ ನಿಧಾನವಾಯಿತು, ನಿಲ್ಲಲಿಲ್ಲ. ‘ಎಲ್ಲ ಸಂಗತಿಗಳನ್ನೂ ಪರಿಗಣಿಸಿ’ ಅನ್ನುತ್ತಲೇ ಟಕ್ಕಂತ ನಿಂತಿತು.

‘ಎಲ್ಲ ಸಂಗತಿ ಅಂದ್ರೆ ಯಾವ್ಯಾವ ಸಂಗತಿ?’ ಅಂದಳು ಅಕ್ಕ.

ತಂಗಿ ಮುಂದಕ್ಕೆ ಓದಲು ನೋಡಿದಳು, ಒಬ್ಬ ನ್ಯಾಯಮೂರ್ತಿ ನಿನ್ನನ್ನು ಎಷ್ಟು ಹೊಗಳಿದ್ದಾರೆ ಕೇಳು ಅಂದಳು. ಅಕ್ಕ ಕತ್ತರಿಯನ್ನು ಪಕ್ಕಕ್ಕಿಟ್ಟಳು. ಈ ಮಾತು ಬರೆದವರ ಮಾನ ಕಳೆಯುತ್ತಿದ್ದವಳು ನೀನೇ ಅಲ್ಲವೇನೇ, ಬ್ರೆಡ್ಡಿನವನಿಗೆ ಕಾರಣ ಸಿಕ್ಕಿತು, ನನಗಿಲ್ಲವೇ ಅಂತ ಕೇಳಿದಳು. ತಂಗಿ ತಲೆ ತಗ್ಗಿಸಿದಳು. ಅಕ್ಕ ಅವಳ ಮುಖವನ್ನೇ ನೋಡಿದಳು. ಅವಳಿಗೆ ಕಾನೂನು ಗೊತ್ತಿಲ್ಲ, ಆದರೆ ತಂಗಿಯ ಮುಖ ಹುಟ್ಟಿದಾಗಿನಿಂದ ಗೊತ್ತು.

‘ಬಟನ್ ಏನೋ ಹೇಳಿದ್ದಾಳೆ ಅಲ್ವಾ?’ ಅಂದಳು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ತಂಗಿ ಚೀಲದಿಂದ ತೀರ್ಪು ತೆಗೆದಳು. ಗೆರೆ ಎಳೆದ ಪುಟ ತಾನಾಗಿ ಬಿಚ್ಚಿಕೊಂಡಿತು. ಗೆರೆಯ ಕೆಳಗಿದ್ದುದನ್ನು ಒಂದಕ್ಷರ ಬಿಡದೆ ಓದಿದಳು. ಅಕ್ಕ ಒಮ್ಮೆಯೂ ತಡೆಯಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

ಅಕ್ಕ ಸೂಜಿಯ ಕೆಳಗಿನ ಬಟ್ಟೆಯನ್ನು ಸವರಿದಳು. ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ, ನನಗೊಂದು ಮಾತು ಹೇಳಲಿಲ್ಲ ನೋಡು ಅಂದಳು. ಹೇಳಿದ್ದರೆ ನಾನೇನು ಹೊಡೆಯುತ್ತಿದ್ದೆನೇ ಅಂದಳು. ಆಮೇಲೆ, ಹೊಡೆಯುತ್ತಿರಲಿಲ್ಲ, ಅಳುತ್ತಿದ್ದೆ, ಅದಕ್ಕೇ ಹೇಳಲಿಲ್ಲ ಅಂತ ತಾನೇ ಉತ್ತರ ಕೊಟ್ಟುಕೊಂಡಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಅಪ್ಪ ಒಬ್ಬನೇ ಊಟ ಮಾಡ್ತಾನೆ ಅನ್ನುವುದನ್ನು ಇನ್ನೊಮ್ಮೆ ಓದಿಸಿದಳು. ಕೇಳಿ, ಪೆಚ್ಚುನಗೆ ನಕ್ಕು, ಹುಡುಗಿ ಕಾರಣ ಕೊಟ್ಟಿದ್ದಾಳೆ, ಅದರಲ್ಲಿ ತೂತಿಲ್ಲ ಬಿಡು ಅಂದಳು.

ಮೇಲಿನ ಕೋರ್ಟಿಗೆ ಹೋದರೆ ಮತ್ತೆ ಅವಳನ್ನು ಕೂರಿಸಿ ಕೇಳುತ್ತಾರೆಯೇ ಎಂದಳು. ಕೇಳಬಹುದು ಅಂದಳು ತಂಗಿ. ಅಕ್ಕ ಫೋನು ಎತ್ತಿ ವಕೀಲರಿಗೆ ಮಾಡಿದಳು. ಅವರು ಒಬ್ಬ ನ್ಯಾಯಮೂರ್ತಿಯ ವಿಷಯ ಮತ್ತೆ ಶುರುಮಾಡಿರಬೇಕು. ಅಕ್ಕ ಅರ್ಧದಲ್ಲೇ, ಬೇಡ ಸ್ವಾಮಿ, ನನಗೆ ಸಾಕಾಯಿತು, ನಿಮ್ಮ ಕೋಟಿನ ತೋಳು ಹರಿದಿದೆಯಲ್ಲ, ಕಳಿಸಿಕೊಡಿ ಹೊಲಿದು ಕೊಡುತ್ತೇನೆ ಅಂತ ಹೇಳಿ ಇಟ್ಟಳು.

ತಂಗಿ ಬರೆದ ಪುಟ ಹರಿಯಲು ಹೋದಳು, ಸರಿಯಾದ ಕಾರಣ ಸೇರಿಸಿ ಬೇರೆ ಬರೆಯುತ್ತೇನೆ ಅಂದಳು. ಅಕ್ಕ ಅವಳ ಕೈಹಿಡಿದಳು.

‘ಹರೀಬೇಡ. ಅದೇ ಇರಲಿ. ಅವಳು ಬಂದ ಮೇಲೆ ಅವಳ ಮುಂದೆ ಇದನ್ನೇ ಓದು.’

‘ಇದರಲ್ಲಿ ಕಾರಣ ಇಲ್ಲ ಅಕ್ಕ.’

‘ಕಾರಣ ಬಿಡೋ ಸ್ವಾತಂತ್ರ್ಯ ಅವರಿಗಿಲ್ಲ ಅಂತ ಬರೆದಿದ್ದಾರಲ್ಲ. ಅವರಿಗಿಲ್ಲ. ನನಗಿದೆ.’

ದೀಪ ಹಾಕುವ ಹೊತ್ತಿಗೆ ಬಟನ್ ಬಂದಳು. ಚಿಕ್ಕಜ್ಜಿಯ ಕೈಯಲ್ಲಿ ಕಾಗದ ನೋಡಿದ್ದೇ ಬಾಗಿಲಲ್ಲೇ ನಿಂತುಬಿಟ್ಟಳು. ಅಕ್ಕ, ಬಾರೇ, ನಮ್ಮ ಕೇಸೂ ಒಂದು ಪುಟ ಆಗಿದೆ, ಕೂತು ಕೇಳು ಅಂತ ಕರೆದಳು. ಮಗು ಬಂದು ಬಟ್ಟೆ ಕತ್ತರಿಸುವ ಹಲಗೆಯ ಮೂಲೆಯಲ್ಲಿ, ಇಳಿದು ಓಡಲು ಅನುಕೂಲವಾಗುವ ಹಾಗೆ, ಅರ್ಧ ಕೂತಿತು. ಈ ಮನೆಯಲ್ಲಿ ಬೆಳೆದವಳು ಅವಳು; ಮೆಷಿನ್ನು ಎಲ್ಲಿ ನಿಲ್ಲುತ್ತದೆ, ನಿಂತರೆ ಅಜ್ಜಿ ಏನು ಕೇಳುತ್ತಾಳೆ ಎಂಬುದು ಅವಳಿಗೆ ಮಗ್ಗಿಯಷ್ಟೇ ಬಾಯಿಪಾಠ.

ತಂಗಿ ಓದಿದಳು. ಅಕ್ಕ ಪ್ಯಾಂಟಿನ ಕಾಲನ್ನು ಸೂಜಿಯ ಕೆಳಗೆ ತಳ್ಳಿ ತುಳಿಯತೊಡಗಿದಳು. ನಡೆದದ್ದು ಮುಗಿಯಿತು, ಪ್ರಶ್ನೆ ಮುಗಿಯಿತು, ತೀರ್ಮಾನ ಮುಗಿಯಿತು. ಬಟನ್‌ಳ ಕಣ್ಣು ಕಾಗದದ ಮೇಲಿರಲಿಲ್ಲ, ಅಜ್ಜಿಯ ಕಾಲಿನ ಮೇಲಿತ್ತು. ‘ಕಾರಣ, ಎಲ್ಲ ಸಂಗತಿಗಳನ್ನೂ ಪರಿಗಣಿಸಿ’ ಎಂದು ತಂಗಿ ಓದಿದಳು. ಮೆಷಿನ್ನು ನಿಲ್ಲಲಿಲ್ಲ. ಕಟಕಟ ಕಟಕಟ ಓಡುತ್ತಲೇ ಇತ್ತು.

ಅಜ್ಜಿಯ ಕಾಲು ಈಗ ನಿಲ್ಲುತ್ತದೆಂದು ಮಗು ಕಾದಿತು. ಆಮೇಲೆ ಮೆಲ್ಲಗೆ ಕೇಳಿತು, ‘ಯಾಕಂತೆ ಅಂತ ಕೇಳಲ್ವಾ ಅಜ್ಜಿ?’

‘ಕೋರ್ಟಿನೋರು ಹೇಳಿದ ಮೇಲೆ ಮುಗೀತು. ಎಲ್ಲದಕ್ಕೂ ಯಾಕೆ ಅಂತ ಕೇಳ್ತಾ ಕೂತರೆ ಈ ಪ್ಯಾಂಟು ಹೊಲಿಯೋರು ಯಾರು? ನಿಮ್ಮಪ್ಪನ ಮನೇಲಿ ಹೊದಿಕೆ ಇದೆಯೋ ಇಲ್ವೋ, ಕೇಳಿ ಹೇಳು. ಇಲ್ಲದಿದ್ರೆ ಇಲ್ಲಿಂದಲೇ ತಗೊಂಡು ಹೋಗು.’

ಬಟನ್ ಹಲಗೆಯ ಮೇಲೆ ಪೂರ್ತಿ ಕೂತಳು. ಆಮೇಲೆ ಅವಳು ಇದ್ದಕ್ಕಿದ್ದಂತೆ ಮಾತಿಗೆ ಶುರುಹಚ್ಚಿದಳು. ಅಪ್ಪನ ಮನೆಯಲ್ಲಿ ಒಂದೇ ದೊಡ್ಡ ಹೊದಿಕೆ ಇರುವುದು, ಅಲ್ಲಿನ ಶಾಲೆ ಡಿಪೋದ ಹಿಂದೆಯೇ ಇರುವುದು, ರಜ ಬಂದ ದಿನವೇ ಬಸ್ಸು ಹತ್ತಿ ಬಂದುಬಿಡುವುದು, ಅಜ್ಜಿ ಮೆಷಿನ್ನಿನ ಪಕ್ಕ ಇಟ್ಟುಕೊಳ್ಳುವ ಗುಂಡಿಗಳ ಬಾಟಲಿಯನ್ನು ತನಗೇ ಕೊಡಬೇಕು ಅನ್ನುವುದು. ಅಕ್ಕ ತಲೆಯೆತ್ತದೆ ಹೂಂ ಹೂಂ ಅನ್ನುತ್ತಾ, ತೆಗೆದುಕೊಂಡು ಹೋಗು, ನುಂಗದಿದ್ದರೆ ಸಾಕು ಅಂದಳು. ಮಗು ನಕ್ಕಿತು. ಮೆಷಿನ್ನು ಓಡುತ್ತಲೇ ಇತ್ತು.

ಆ ತಿಂಗಳ ಪತ್ರಿಕೆಯಲ್ಲಿ ಸಂಪಾದಕರು ಬರೆದ ಪುಟ ಬಂತು, ಕಾರಣದ ಸಮೇತ, ಹೆಸರುಗಳಿಲ್ಲದೆ. ವಕೀಲರು ಓದಿರಬಹುದು. ಮನೆಗೆ ಬರುತ್ತಿದ್ದ ಪ್ರತಿಯನ್ನು ತಂಗಿ ಆ ಸಲ ಕಚೇರಿಯಲ್ಲೇ ಬಿಟ್ಟು ಬಂದಳು.

ಬಟನ್ ಮುಂದೆ ಪುಟ ಓದಿದ ಮರುದಿನ ಬೆಳಿಗ್ಗೆಯೇ ಆ ಪ್ಯಾಂಟಿನವನು ಬಂದು ಬಟ್ಟೆ ಕೇಳಿದ್ದ. ಅಕ್ಕ ಕೊಡಲಿಲ್ಲ, ಸಂಜೆ ಬಾ ಅಂದು ಕಳಿಸಿದಳು. ಅವನು ಹೋದ ಮೇಲೆ ತಂಗಿ ಎತ್ತಿ ನೋಡಿದಳು. ಅಕ್ಕ ಪ್ಯಾಂಟಿನ ಕಾಲಿನ ಬಾಯನ್ನೇ ಈ ಅಂಚಿನಿಂದ ಆ ಅಂಚಿನವರೆಗೆ, ಹೊಲಿಗೆಯ ಮೇಲೆ ಹೊಲಿಗೆ ಹಾಕಿ ಮುಚ್ಚಿಬಿಟ್ಟಿದ್ದಳು. ಇಬ್ಬರೂ ಕಿಟಕಿಯ ಬೆಳಕಿಗೆ ಕೂತು, ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು, ಬ್ಲೇಡಿನಲ್ಲಿ ಒಂದೊಂದೇ ಎಳೆ ಬಿಚ್ಚಿದರು.